ರಾಜನ ಜಿಗಿತ

ಹುಲುಗಮ್ಮ ಬಂದಿದ್ದಾಳೋ ಇಲ್ಲವೋ ಎಂದು ಬೆನಕಪ್ಪ ಬಸ್ಸಿನ ಕಿಟಕಿಯಿಂದಲೇ ಹುಡುಕತೊಡಗಿದ. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ಈ ಬಸ್ಸು ಶಾಲೆಯ ಎದುರಿಗೇ ನಿಲ್ಲುವುದು ಡ್ರೈವರನ ಮರ್ಜಿ. ಇವತ್ತು ಬೇವಿನ ಮರ ದಾಟಿ ಬಹಳ ಮುಂದೆ ಹೋಗಿ ನಿಂತಿತು. ಊಟದ ಡಬ್ಬಿಯ ಚೀಲ ಹಿಡಿದು ಧೂಳಿನಲ್ಲಿ ವಾಪಸು ನಡೆಯುತ್ತ, ಹುಡುಗಿ ಬಾರದೆ ಇದ್ದರೆ ಎಷ್ಟೋ ಒಳ್ಳೆಯದು ಅಂದುಕೊಂಡ. ಸ್ವಲ್ಪ ದೂರ ಬಂದ ಮೇಲೆ, ಇವತ್ತು ಬಾರದಿದ್ದವಳು ಇನ್ನು ಯಾವತ್ತೂ ಬರಲಿಕ್ಕಿಲ್ಲ ಅನ್ನಿಸಿ ಹೆಜ್ಜೆ ಚುರುಕು ಮಾಡಿದ. ಗೇಟಿನ ಹತ್ತಿರ ಎಂಟನೆಯ ತರಗತಿಯ ಹುಡುಗರು 'ನಮಸ್ತೇ ಸರ್' ಅಂದರು. ಅವನು ಹಿಂದಿ ಮಾಸ್ತರನಾದ್ದರಿಂದ ನಮಸ್ಕಾರದ ಬದಲು ನಮಸ್ತೇ ಅನ್ನುವುದನ್ನು ಹಿಂದೆ ಯಾವನೋ ಹುಡುಗ ಶುರು ಮಾಡಿದ್ದ. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂಬುದು ಇಷ್ಟು ವರ್ಷವಾದರೂ ಅವನಿಗೆ ಬಗೆಹರಿದಿರಲಿಲ್ಲ. ಇವತ್ತಿನ ನಮಸ್ತೇಯಲ್ಲಿ ಶನಿವಾರದ ಸುದ್ದಿ ಏನಾದರೂ ಸೇರಿಕೊಂಡಿದೆಯೇ ಎಂದು ಕಿವಿಗೊಟ್ಟು ಕೇಳಿದ. ಏನೂ ಇರಲಿಲ್ಲ. ಹುಡುಗರು ಆಗಲೇ ಬೇರೆ ಯಾವುದಕ್ಕೋ ನಗುತ್ತಿದ್ದರು.

ಬಂದಿದ್ದಳು. ಪ್ರಾರ್ಥನೆಯಲ್ಲಿ ಒಂಬತ್ತನೆಯ ತರಗತಿಯ ಹೆಣ್ಣುಮಕ್ಕಳ ಸಾಲಿನ ತುದಿಯಲ್ಲಿ, ಎಲ್ಲರಿಗಿಂತ ಎತ್ತರದವಳಾದ್ದರಿಂದ ಯಾವಾಗಲೂ ನಿಲ್ಲುವ ಜಾಗದಲ್ಲೇ ನಿಂತಿದ್ದಳು. ಎರಡು ಜಡೆ, ಕೆಂಪು ರಿಬ್ಬನ್ನು, ತೊಳೆದೂ ತೊಳೆದೂ ನೀಲಿ ಬಿಟ್ಟ ಲಂಗ. ಅವಳು ತನ್ನ ಕಡೆ ನೋಡುತ್ತಾಳೇನೋ ಎಂದು ಅವನು ಕಾದ. ಎಲ್ಲಿ ನೋಡಿಬಿಡುತ್ತಾಳೋ ಎಂದು ತಾನೇ ಧ್ವಜದ ಕಂಬದ ಕಡೆ ತಿರುಗಿಕೊಂಡ. ನಾಡಗೀತೆ ಮುಗಿದ ಮೇಲೆ ಹೆಡ್ ಮಾಸ್ತರ್ ಕೊಟ್ರಸ್ವಾಮಿ ಕನ್ನಡಕ ಸರಿಮಾಡಿಕೊಂಡು ಮೆಟ್ಟಿಲ ಮೇಲೆ ಬಂದರು. "ಶನಿವಾರ ಕೂಡ್ಲಿಗ್ಯಾಗ ತಾಲೂಕು ಚೆಸ್ ಕಾಂಪಿಟೇಶನ್ ಆತು. ನಮ್ಮ ಹುಲುಗಮ್ಮ ಎರಡನೇ ನಂಬರ್ ಬಂದಾಳ. ಚಪ್ಪಾಳಿ ಹೊಡೀರಿ." ಮಕ್ಕಳು ಹೊಡೆದರು. ಬೆನಕಪ್ಪನೂ ಹೊಡೆದ, ಎಲ್ಲರಿಗಿಂತ ಒಂದು ಚೂರು ಹೆಚ್ಚು ಹೊತ್ತು ಹೊಡೆದ. "ಆದ್ರ ಒಂದು ಮಾತು," ಎಂದು ಹೆಡ್ ಮಾಸ್ತರ್ ಬೆರಳೆತ್ತಿದರು. "ಬೆನಕಪ್ಪ ಸರ್ ಸಾಲಿ ಬಿಟ್ಟ ಮ್ಯಾಲ ತಮ್ಮ ಮನಿಗೆ ಹೋಗಾದು ಬಿಟ್ಟು ನಿಮಗ ಆಟ ಕಲಿಸ್ತಾರ. ಅವ್ರು ಹೇಳಿದ್ದು ಲಕ್ಷ್ಯಗೊಟ್ಟು ಕೇಳಿದ್ದಿದ್ರ ಈ ಹುಡುಗಿ ಫಸ್ಟ್ ಬಂದು ಬಳ್ಳಾರಿಗೆ ಹೋಗ್ತಿತ್ತು. ಅವ್ರು ಕಲಿಸಿದ್ದು ಒಂದು, ಈಕಿ ಆಡಿದ್ದು ಒಂದು ಅಂತ ಅಲ್ಲಿದ್ದ ಮಾಸ್ತರರ ಬಾಯಾಗ ಕೇಳಿದೆ. ಹಿಂಗಾದ್ರ ಮಾಸ್ತರ ಮರ್ಯಾದಿ ಏನಾಗಬೇಕು?" ಮಕ್ಕಳೆಲ್ಲ ತಿರುಗಿ ಹುಲುಗಮ್ಮನನ್ನು ನೋಡಿದರು. ಈಗ ಹೇಳಬೇಕು, ಈಗಲೇ, ಎಂದು ಬೆನಕಪ್ಪನ ಕಾಲು ಒಂದು ಹೆಜ್ಜೆ ಮುಂದೆ ಬಂದದ್ದೂ ನಿಜ. ಆದರೆ ಅಷ್ಟರಲ್ಲಿ ಹೆಡ್ ಮಾಸ್ತರ್ ಅವನ ಕಡೆ ತಿರುಗಿ, ನಿಮ್ಮ ಪರವಾಗಿ ಹೇಳಿದೆ ನೋಡಿ ಎಂಬಂತೆ ತಲೆಯಾಡಿಸಿದರು. ಅವನೂ ತಲೆಯಾಡಿಸಿದ. ಆಮೇಲೆ ಸಾಲುಗಳು ಒಂದೊಂದಾಗಿ ಒಳಗೆ ಹೋದವು.

ಅವಳು ಆಡಿದ್ದು ತಾನು ಕಲಿಸಿದ್ದನ್ನೇ. ಅದೂ ಎಷ್ಟು ಚೆಂದ ಆಡಿದ್ದಳು! ಕೂಡ್ಲಿಗಿಯ ಆ ಶಾಲೆಯ ಹಾಲಿನಲ್ಲಿ ಫ್ಯಾನು ಕಟಕಟ ಅನ್ನುತ್ತಿತ್ತು, ಬೆಂಚುಗಳನ್ನು ಗೋಡೆಗೆ ತಳ್ಳಿ ನಡುವೆ ಒಂದೇ ಮೇಜು ಉಳಿಸಿದ್ದರು, ಕೊನೆಯ ಆಟ. ಎದುರಿಗೆ ಕೂಡ್ಲಿಗಿಯದೇ ಒಂದು ಇಂಗ್ಲಿಷ್ ಶಾಲೆಯ ಹುಡುಗ, ಟೈ ಕಟ್ಟಿಕೊಂಡು, ಪ್ರತಿ ನಡೆಗೂ ತನ್ನ ಮಾಸ್ತರನ ಮುಖ ನೋಡುತ್ತಿದ್ದ. ಹುಲುಗಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವಳ ರಾಜ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ, ಹುಡುಗನ ಮಂತ್ರಿ ಮುಂದಿನ ನಡೆಗೆ ಬಂದು ಕುತ್ತಿಗೆ ಹಿಡಿಯುವುದರಲ್ಲಿತ್ತು. ನೋಡುತ್ತಿದ್ದ ಮಾಸ್ತರರೆಲ್ಲ ಮುಗಿಯಿತು ಅಂದುಕೊಂಡರು. ಬೆನಕಪ್ಪನಿಗೆ ಮಾತ್ರ ಗೊತ್ತಿತ್ತು, ಅವಳು ಒಂದನ್ನು ಉಳಿಸಿಕೊಂಡಿದ್ದಾಳೆ. ಅವಳು ರಾಜನನ್ನು ಎರಡು ಬೆರಳಲ್ಲಿ ಹಿಡಿದು, ಹಲಗೆಗೆ ಟಕ್ ಟಕ್ ಎಂದು ಎರಡು ಸಲ ಬಡಿದು, ತುಟಿ ಅಲ್ಲಾಡಿತೋ ಇಲ್ಲವೋ ಎಂಬಂತೆ "ಎದ್ದ ನೋಡು ರಾಜ" ಅಂದು, ಕುದುರೆ ನಡೆಯುವ ಹಾಗೆ ಎರಡು ಮನೆ ನೇರ ಒಂದು ಮನೆ ಅಡ್ಡ ಜಿಗಿಸಿ ಇಟ್ಟಳು. ಮೂಲೆಯಿಂದ ರಾಜ ಹೊರಬಿದ್ದ, ಪಕ್ಕದಲ್ಲಿದ್ದ ಆನೆಗೆ ದಾರಿ ತೆರೆಯಿತು. ಬೆನಕಪ್ಪನ ಎದೆ ತುಂಬಿ ಬಂತು. ಆ ಮಾತು ಅವನ ಅಪ್ಪನದು.

ಅಪ್ಪ ಶಿವಯೋಗಪ್ಪ ಕೊಟ್ಟೂರಿನ ಬಜಾರದಲ್ಲಿ ಕಾಳುಕಡಿಯ ಅಂಗಡಿ ಇಟ್ಟಿದ್ದರು. ಮಧ್ಯಾಹ್ನ ಗಿರಾಕಿಗಳು ಕಮ್ಮಿಯಾದ ಮೇಲೆ ಜಗಲಿಯ ಮೇಲೆ ಬಟ್ಟೆಯ ಹಾಸು ಬಿಚ್ಚುತ್ತಿದ್ದರು. ಅಲ್ಲಿ ಆಡುತ್ತಿದ್ದ ಆಟದಲ್ಲಿ ರಾಜನನ್ನು ಆನೆಯ ಮರೆಗೆ ಸರಿಸಿ ಕೋಟೆ ಕಟ್ಟುವ ನಡೆ ಇರಲಿಲ್ಲ, ಅದರ ಬದಲು ರಾಜನಿಗೆ ಒಂದು ಜಿಗಿತ ಇತ್ತು: ಇಡೀ ಆಟಕ್ಕೆ ಒಂದೇ ಸಲ, ಇನ್ನೂ ಚೆಕ್ ಬಿದ್ದಿರಬಾರದು ಅಷ್ಟೇ. ಅಪ್ಪ ಅದನ್ನು ಕೊನೆಯವರೆಗೆ ಕಾಪಾಡಿ ಇಟ್ಟುಕೊಳ್ಳುತ್ತಿದ್ದರು. ಅವರು ರಾಜನನ್ನು ಎತ್ತಿ ಟಕ್ ಟಕ್ ಅನ್ನಿಸಿದರೆ ಸಾಕು, ಎದುರಿನವರು "ಏ ಶಿವಯೋಗಪ್ಪ, ಎಬ್ಬಿಸಬ್ಯಾಡೋ ಮಾರಾಯ" ಎಂದು ಕೂಗುವರು, ಪಕ್ಕದ ಅಂಗಡಿಯವರು ತಕ್ಕಡಿ ಬಿಟ್ಟು ಬರುವರು. ಗಿರಾಕಿಗಳ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ಅಪ್ಪ ಆ ಹೊತ್ತಿನಲ್ಲಿ ಬೇರೆಯೇ ಮನುಷ್ಯನಾಗಿ ಕಾಣುತ್ತಿದ್ದರು. ಮುಂದೆ ದಾವಣಗೆರೆಯಲ್ಲಿ ಓದುವಾಗ ಬೆನಕಪ್ಪ ಚೆಸ್ಸಿನ ಪುಸ್ತಕ ಕೊಂಡು ನೋಡಿದ. ಅದರಲ್ಲಿ ಕೋಟೆ ಇತ್ತು, ಜಿಗಿತ ಇರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಕಲಿಸಲು ಶುರು ಮಾಡಿದಾಗ ಎರಡನ್ನೂ ಕಲಿಸಿದ. "ಪುಸ್ತಕದಾಗ ಇಲ್ಲ ಅಂದ್ರ ಬರದವನಿಗೆ ಗೊತ್ತಿಲ್ಲ ಅಂತ ಅರ್ಥ" ಅಂದಾಗ ಮಕ್ಕಳು ನಕ್ಕರು. ಹುಲುಗಮ್ಮ ನಗಲಿಲ್ಲ. "ಸರ್, ಕಾಂಪಿಟೇಶನ್‌ನಾಗೂ ನಡೀತೈತೇನ್ರಿ?" ಎಂದು ಕೇಳಿದ್ದಳು. ನಾನು ಹೇಳ್ತೀನಲ್ಲ, ನಡೀತೈತಿ ಅಂದಿದ್ದ. ಅಷ್ಟು ಸಲೀಸಾಗಿ ಅಂದಿದ್ದ. ತಾಲೂಕಿನ ಆಟ, ಯಾರು ಅಷ್ಟೆಲ್ಲ ನೋಡುತ್ತಾರೆ, ಹೋದ ವರ್ಷದವರೆಗೂ ತೀರ್ಪು ಹೇಳಲು ಪಂಚರಾಗಿ ಕೂತಿರುತ್ತಿದ್ದವರು ಇದೇ ಆಟದಲ್ಲಿ ಬೆಳೆದ ಮುದುಕರೇ ತಾನೆ ಎಂಬ ಧೈರ್ಯ.

"ಸರ್, ಪಾಠ!" ಎಂದು ಯಾರೋ ಮುಂದಿನ ಬೆಂಚಿನಿಂದ ಅಂದರು. ಬೆನಕಪ್ಪ ಬೋರ್ಡಿನ ಎದುರು ಸೀಮೆಸುಣ್ಣ ಹಿಡಿದು ನಿಂತಿದ್ದ, ಕ್ರಿಯಾಪದದ ಮೂರು ರೂಪ ಬರೆದು ನಾಲ್ಕನೆಯದಕ್ಕೆ ಕೈ ನಿಂತುಹೋಗಿತ್ತು. ಇದು ಹತ್ತನೆಯ ತರಗತಿ. ಒಂಬತ್ತನೆಯ ತರಗತಿಯ ಪೀರಿಯಡ್ಡನ್ನು ಗಣಿತದ ಮೇಡಂ ವಾಣಿಶ್ರೀ ಬೆಳಿಗ್ಗೆಯೇ ಕೇಳಿ ತೆಗೆದುಕೊಂಡಿದ್ದರು. ಹಿಂದಿಯ ಪೀರಿಯಡ್ಡನ್ನು ಎಲ್ಲರೂ ಕೇಳಿ ತೆಗೆದುಕೊಳ್ಳುತ್ತಾರೆ, ನೆರೆಮನೆಯಲ್ಲಿ ಸಕ್ಕರೆ ಕೇಳಿದ ಹಾಗೆ. ಪ್ರತಿಸಲ ಅವನಿಗೆ ಒಳಗೇ ಉರಿಯುತ್ತಿತ್ತು, ಇವತ್ತು ಮಾತ್ರ "ತಗೊಳ್ರಿ ಮೇಡಂ, ತಗೊಳ್ರಿ" ಎಂದು ಎದ್ದು ನಿಂತು ಕೊಟ್ಟಿದ್ದ. ಒಂಬತ್ತರ ಕೋಣೆಗೆ ಹೋಗುವುದು ತಪ್ಪಿತಲ್ಲ. ಹೀಗೆ ತಪ್ಪಿಸಿಕೊಳ್ಳುತ್ತ ಸಂಜೆಯವರೆಗೆ ಹೋಗಬಹುದು, ಸಂಜೆ ಸಾಧ್ಯವಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಹಿಂದಿನ ವರಾಂಡದಲ್ಲಿ ಚೆಸ್ ಇದೆ. ಈ ಶಾಲೆಯಲ್ಲಿ ಯಾರೂ ಕೇಳಿ ತೆಗೆದುಕೊಳ್ಳದೆ ಇದ್ದ ಅವನ ಹೊತ್ತು ಅದೊಂದೇ.

ಹಿಂದಿನ ದಿನ, ಭಾನುವಾರ, ಹೆಂಡತಿ ನಾಗಲಿಂಗಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವನು ಹೇಳಿದ್ದು ಎಲ್ಲವೂ ಅಲ್ಲ, ಅರ್ಧ. ಹುಡುಗಿ ರಾಜನನ್ನು ತಪ್ಪು ನಡೆಸಿ ಸೋತಳು ಎಂದು. ಹೇಗೆ ತಪ್ಪು ಎಂದು ಅವಳು ಕೇಳಿದಳು. ಹೀಗೆ ಜಿಗಿಸಿದಳು ಎಂದು ಅವನು ಗಾಳಿಯಲ್ಲಿ ಕೈ ಆಡಿಸಿದ. ಹೆಂಡತಿಗೆ ಆಟ ಬರುವುದಿಲ್ಲ ಎಂಬ ಧೈರ್ಯದಲ್ಲಿ. "ಅದು ಮಾವಾರ ಆಟ ಅಲ್ಲೇನ್ರಿ? ಟಕ್ ಟಕ್ ಅನಿಸಿ ಎಬ್ಬಿಸ್ತಿದ್ರಲ್ಲ," ಅಂದಳು ನಾಗಲಿಂಗಮ್ಮ. ಅದು ಬ್ಯಾರೆ ಅಂದ. ಏನು ಬ್ಯಾರೆ ಅಂದಳು. "ನಿನಗ ತಿಳಿಯಂಗಿಲ್ಲ, ಸುಮ್ನಿರು." ಅವಳು ಸುಮ್ಮನಾದಳು. ಮೊರ ಮಾತ್ರ ಸುಮ್ಮನಾಗಲಿಲ್ಲ, ಜೋಳ ಏಳುವುದೂ ಬೀಳುವುದೂ ಅದೇ ಲಯದಲ್ಲಿ ನಡೆದಿತ್ತು. ಬಹಳ ಹೊತ್ತಿನ ಮೇಲೆ, ತಲೆ ಎತ್ತದೆ, "ನನಗ ತಿಳಿಯಂಗಿಲ್ಲ ಬಿಡ್ರಿ, ಆ ಹುಡುಗಿಗೆ ತಿಳಿದಿರ್ತೈತಲ್ಲ," ಅಂದಳು. ಅವನು ಎದ್ದು ಬಜಾರದ ಕಡೆ ಹೋದ. ಅಪ್ಪನ ಅಂಗಡಿ ಇದ್ದಲ್ಲಿ ಈಗ ಎಸ್‌ಟಿಡಿ ಬೂತು. ಜಗಲಿ ಒಡೆದು ಗಾಜಿನ ಬಾಗಿಲು ಇಟ್ಟಿದ್ದಾರೆ. ಅದರಲ್ಲಿ ತನ್ನ ಮುಖ ಕಂಡು ಬೇಗಬೇಗ ದಾಟಿಹೋದ.

ಶನಿವಾರ ಕೂಡ್ಲಿಗಿಯಲ್ಲಿ ಪಂಚನಾಗಿ ಕೂತವನು ಈ ಸಲ ಮುದುಕನಾಗಿರಲಿಲ್ಲ. ಹೊಸಪೇಟೆಯಿಂದ ಬಂದಿದ್ದ ಅರುಣಕುಮಾರ್ ಎಂಬ ಹುಡುಗ, ಇನ್ನೂ ಮೀಸೆ ಸರಿಯಾಗಿ ಬಲಿತಿಲ್ಲ, ಮಾತು ಮೆತ್ತಗೆ. ಬೆಳಿಗ್ಗೆ ಆಟ ಶುರುವಾಗುವ ಮೊದಲು ಅವನು ಮಾಸ್ತರರನ್ನೆಲ್ಲ ಕೂಡಿಸಿ, ಅಂತರರಾಷ್ಟ್ರೀಯ ನಿಯಮ, ಎಲ್ಲರೂ ಹಾಗೇ ಕಲಿಸಿದ್ದೀರಲ್ಲ ಎಂದು ಕೇಳಿದಾಗ ಎಲ್ಲರಿಗಿಂತ ಮೊದಲು ಹೌದು ಅಂದವನು ಬೆನಕಪ್ಪ. ಅಷ್ಟಕ್ಕೇ ಬಿಡದೆ ತಾನು ದಾವಣಗೆರೆಯಲ್ಲಿ ಪುಸ್ತಕ ಕೊಂಡದ್ದನ್ನೂ, ಪ್ರತಿ ಸಂಜೆ ಕಲಿಸುವುದನ್ನೂ ಹೇಳಿಕೊಂಡಿದ್ದ. ಹೇಳುತ್ತಿರುವಾಗಲೇ ಜಿಗಿತದ ನೆನಪು ಬಂದಿತ್ತು. ಹುಡುಗಿಯನ್ನು ಪಕ್ಕಕ್ಕೆ ಕರೆದು ಇವತ್ತು ಅದು ಬೇಡ ಅನ್ನಬೇಕು ಅಂದುಕೊಂಡ. ಅಷ್ಟರಲ್ಲಿ ಟೀ ಬಂತು. ಟೀ ಕುಡಿಯುತ್ತ ಇಂಗ್ಲಿಷ್ ಶಾಲೆಯ ಮಾಸ್ತರ ತನ್ನನ್ನು ಸರಿಸಮನಾಗಿ ಮಾತಾಡಿಸಿದ ಖುಷಿಯಲ್ಲಿ ಅದು ಮರೆತೇಹೋಯಿತು. ಅಥವಾ ಮರೆತುಹೋಗಲಿ ಎಂದು ಬಿಟ್ಟ. ಅದು ಯಾವುದು ಎಂದು ಈಗ ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ.

ಜಿಗಿತ ನೋಡಿ ಟೈ ಹುಡುಗ ಕೈ ಎತ್ತಿದ. ಅವನ ಮಾಸ್ತರ ಜೋರಾಗಿ ನಕ್ಕ. "ಏನಿದು, ಕುರಿ ಕಾಯೋರ ಆಟ ಏನು?" ಅಂದ. ಹಿಂದೆ ನಿಂತವರೂ ನಕ್ಕರು. ಅರುಣಕುಮಾರ್ ಮಾತ್ರ ನಗದೆ ಬಂದು, ಹಲಗೆಯನ್ನು ನೋಡಿ, ಹುಡುಗಿಯನ್ನು ನೋಡಿ, ಬೆನಕಪ್ಪನ ಹತ್ತಿರ ಬಂದು ದನಿ ತಗ್ಗಿಸಿದ. "ಸರ್, ನಮ್ಮ ಅಜ್ಜಾರೂ ಹಿಂಗ ಆಡ್ತಿದ್ರು. ಹಳೇ ಪದ್ಧತಿ. ನೀವು ಹಂಗ ಕಲಿಸಿದ್ರ ಹೇಳ್ರಿ, ಮಕ್ಕಳ ಆಟ ಇದು, ಆ ಸರ್‌ಗೂ ಹೇಳಿ ಒಂದು ನಡಿ ವಾಪಸ್ ಕೊಡಸ್ತೀನಿ." ವಾಪಸು ಸಿಕ್ಕಿದ್ದರೆ ಸಾಕಿತ್ತು. ರಾಜನನ್ನು ಮುಟ್ಟದೆ ಆನೆಯನ್ನು ಒಂದು ಮನೆ ಸರಿಸಿದ್ದರೂ ಆಟ ಅವಳದೇ, ಮೊದಲು ಯಾರಿಗೂ ಹೊಳೆಯದಿದ್ದ ಅದು ಈಗ ಅಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ಹುಲುಗಮ್ಮ ಮೊದಲ ಸಲ ತಲೆ ಎತ್ತಿ ಬೆನಕಪ್ಪನ ಕಡೆ ನೋಡಿದಳು. ಹೆದರಿಕೆಯಿಂದಲ್ಲ, ಸರ್ ಈಗ ಹೇಳುತ್ತಾರೆ ಎಂಬ ನಂಬಿಕೆಯಿಂದ. ಮಾಸ್ತರರ ಆ ನಗು ಇನ್ನೂ ಹಾಲಿನಲ್ಲಿ ಸುಳಿದಾಡುತ್ತಿತ್ತು. ಬೆನಕಪ್ಪ, ತಗ್ಗಿಸಿದ ದನಿಗೆ ತಗ್ಗಿಸಿದ ದನಿಯಲ್ಲಿ ಉತ್ತರ ಕೊಡುವುದನ್ನು ಬಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ಇಲ್ರಿ. ನಾನು ಹಂಗ ಕಲಿಸಿಲ್ಲ" ಅಂದ. ಅರುಣಕುಮಾರ್ ಒಂದು ಗಳಿಗೆ ಅವನನ್ನೇ ನೋಡಿದ. ಆಮೇಲೆ ಮೇಜಿನ ಹತ್ತಿರ ಹೋಗಿ, ಬೇಸರದಿಂದಲೇ, "ಮುಟ್ಟಿದ ಕಾಯಿ ನಡಸಬೇಕಮ್ಮ" ಅಂದ. ರಾಜನಿಗೆ ಇದ್ದದ್ದು ಒಂದೇ ಮನೆ. ಹುಲುಗಮ್ಮ ಅಲ್ಲಿಗೆ ನಡೆಸಿದಳು. ಹುಡುಗನ ಮಂತ್ರಿ ಬಂತು, ಆಟ ಮುಗಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಮುಂದೆ ಕೂತಳು, ಅವನು ಹಿಂದೆ. ದಾರಿಯುದ್ದಕ್ಕೂ ಕೆಂಪು ರಿಬ್ಬನ್ನು ಕಾಣುತ್ತಿತ್ತು.

ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಜವಾನ ಬಂದು, ನಿಮ್ಮನ್ನ ಯಾರೋ ಕೇಳಾಕ ಹತ್ಯಾರ್ರಿ ಅಂದ. ಗೇಟಿನ ಹೊರಗೆ ಬೇವಿನ ಮರದ ಬುಡದಲ್ಲಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಹುಲುಗಮ್ಮನ ಅಪ್ಪ ದೊಡ್ಡಬೀರಪ್ಪ ನಿಂತಿದ್ದ. ಬೆನಕಪ್ಪ ಗೇಟಿನ ಒಳಗೇ ನಿಂತ. ಕುರಿಗಾರ ಮನುಷ್ಯ, ಸಿಟ್ಟು ಬಂದರೆ ಕೈ ಎತ್ತುವುದಕ್ಕೂ ಹಿಂದೆ ಮುಂದೆ ನೋಡುವವನಲ್ಲ ಎಂದು ಊರಲ್ಲಿ ಹೇಳುತ್ತಿದ್ದರು. ಎತ್ತಲಿ ಅನ್ನಿಸಿತು. ಗೇಟಿನ ಹತ್ತಿರ, ಮಕ್ಕಳೆಲ್ಲ ನೋಡುತ್ತಿರುವಾಗ, ಕಪಾಳಕ್ಕೆ ಒಂದು ಬಿದ್ದರೆ ಈ ಎರಡು ದಿನದ ಭಾರ ಅಲ್ಲೇ ಇಳಿದುಹೋಗುತ್ತದೆ. ಹತ್ತಿರ ಹೋದರೆ ದೊಡ್ಡಬೀರಪ್ಪ ಚಪ್ಪಲಿ ಬಿಟ್ಟು ಕೈ ಮುಗಿದ.

"ಶರಣ್ರೀ ಸರ. ಸಿಟ್ಟಾಗಬ್ಯಾಡ್ರಿ. ಹುಡುಗಿ ತಪ್ಪು ಮಾಡೇತಿ."

"ಹಂಗೇನಿಲ್ಲ, ಬೀರಪ್ಪ—"

"ಶನಿವಾರದಿಂದ ಸರಿಯಾಗಿ ಉಂಡಿಲ್ರಿ. ಏನಾತವ್ವ ಅಂದ್ರ, ಸರ್ ಕಲಿಸಿದ್ದು ಮರತೆ ಅಂತೈತಿ. ಅದ ನನಗ ತಿಳಿವಲ್ದು ಸರ. ಮರವಿನ ಹುಡುಗಿ ಅಲ್ರಿ ಅದು. ಹಟ್ಟ್ಯಾಗ ಯಾವ ಮರಿ ಯಾವ ಕುರಿದು ಅಂತ ನಾನು ಮರತ್ರೂ ಅದು ಮರಿಯಂಗಿಲ್ಲ. ಇದೊಂದು ಹೆಂಗ ಮರತಿತೋ ಏನೋ." ದೊಡ್ಡಬೀರಪ್ಪ ಕಂಬಳಿಯ ಅಂಚು ಹಿಡಿದು ತಿರುವುತ್ತಿದ್ದ. "ಕಲಿಸಾದು ಬಿಡಬ್ಯಾಡ್ರಿ. ಸಂಜಿ ಹೊತ್ತು ಹೆಣ್ಣುಡುಗಿ ಯಾಕ ಇರಬೇಕು ಅಂತ ಮದ್ಲ ನಾನ ಬ್ಯಾಡ ಅಂದಿದ್ದೆ, ನೀವ ಹಟ್ಟಿಗೆ ಬಂದು ಹೇಳಿದ್ರಿ. ಈಗ ನೀವ ಬ್ಯಾಡ ಅಂದ್ರ ಅದು ಸಾಲೀನ ಬಿಡ್ತೈತಿ. ಇನ್ನೊಂದು ಸಲ ಹೇಳಿಕೊಡ್ರಿ, ಮರಿಯಂಗಿಲ್ಲ."

ಹೇಳಿಬಿಡು. ಇಲ್ಲಿ ಯಾರೂ ಇಲ್ಲ, ಇವನೊಬ್ಬನೇ. ಅವಳು ಮರೆತಿಲ್ಲ, ನಾನೇ ಸುಳ್ಳು ಹೇಳಿದೆ. ವಾಕ್ಯ ನಾಲಿಗೆಯ ಮೇಲೆ ಸಿದ್ಧವಾಗಿಯೇ ಇತ್ತು, ಬೆಳಗಿನಿಂದ ಅದನ್ನೇ ತಾನೆ ಉರು ಹೊಡೆಯುತ್ತಿದ್ದದ್ದು. ಬಾಯಿಂದ ಬಂದದ್ದು, "ಆಟದಾಗ ಹಂಗ ಆಗ್ತೈತಿ ಬೀರಪ್ಪ. ನಾನೇನು ಮನಸಿನ್ಯಾಗ ಇಟ್ಕಂಡಿಲ್ಲ."

"ದೊಡ್ಡ ಮನಸ್ರಿ ನಿಮ್ದು," ಎಂದು ದೊಡ್ಡಬೀರಪ್ಪ ಕಂಬಳಿಯ ಮಡಿಕೆಯಿಂದ ಒಂದು ಚೀಲ ತೆಗೆದ. ಹೊಲದಿಂದ ಆಗಷ್ಟೇ ಕಿತ್ತ ಹಸಿ ಶೇಂಗಾ, ಮಣ್ಣು ಸಮೇತ. ಬೆನಕಪ್ಪ ಬೇಡ ಅಂದ, ಬೇಡ ಅಂದಷ್ಟೂ ಅವನ ಮುಖ ಸಣ್ಣದಾಗುವುದನ್ನು ನೋಡಿ ತೆಗೆದುಕೊಂಡ. ಸ್ಟಾಫ್ ರೂಮಿನಲ್ಲಿ ಚೀಲ ಇಟ್ಟರೆ ವಾಣಿಶ್ರೀ ಮೇಡಂ, "ಏನ್ರಿ ಸರ್, ಶಿಷ್ಯರು ಗುರುದಕ್ಷಿಣಿ ಕೊಟ್ರೇನು?" ಎಂದು ನಗುತ್ತ ಒಂದು ಹಿಡಿ ತೆಗೆದು ಸುಲಿದರು. ಎಲ್ಲರೂ ಸುಲಿದರು. ಅವನ ಮುಂದೆಯೂ ಯಾರೋ ಒಂದಿಷ್ಟು ಇಟ್ಟರು. ಎಳೆಯ ಕಾಳು, ಹಾಲಿನ ರುಚಿ. ತಿನ್ನಲಾರದೆ ಇರಬೇಕಿತ್ತು. ಹಸಿವಾಗಿತ್ತು, ತಿಂದ. ತಿನ್ನುತ್ತ ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಆದರೂ ಇನ್ನೊಂದಕ್ಕೆ ಕೈ ಹೋಯಿತು.

ಮಧ್ಯಾಹ್ನದ ಪಾಠಗಳು ಹೇಗೋ ಮುಗಿದವು. ಒಂದು ವಿಷಯ ಅವನಿಗೆ ಹೊಳೆದು, ಹೊಳೆದದ್ದೇ ತಡ ಮನಸ್ಸು ಸ್ವಲ್ಪ ಹಗುರಾಯಿತು: ಹುಲುಗಮ್ಮನೇ ಕೇಳಿಬಿಡಲಿ. ಸರ್ ನೀವೇ ತಾನೆ ಕಲಿಸಿದ್ದು ಎಂದು ಅವಳು ಒಂದು ಮಾತು ಕೇಳಿದರೆ ಸಾಕು, ಆಮೇಲೆ ತನ್ನಿಂದ ತಡೆದುಕೊಳ್ಳಲಿಕ್ಕೆ ಆಗುವುದಿಲ್ಲ, ಎಲ್ಲ ಹೊರಗೆ ಬರುತ್ತದೆ. ಮಕ್ಕಳೆಲ್ಲರಿಗೂ ಗೊತ್ತೇ ಇದೆ. ಎಲ್ಲರನ್ನೂ ಒಟ್ಟಿಗೆ ಕೂಡಿಸಿಕೊಂಡೇ ತಾನೆ ಟಕ್ ಟಕ್ ಕಲಿಸಿದ್ದು. ಅರ್ಚನಾ ಎಂಬ ಎಂಟನೆಯ ತರಗತಿಯ ಬಾಯಿಬಡುಕಿ ಇದ್ದಾಳೆ, ಅವಳಾದರೂ ಕೇಳಿಯೇ ಕೇಳುತ್ತಾಳೆ. ಅವನು ಬೀರುವಿನಿಂದ ಕಾಯಿಗಳ ಡಬ್ಬಿ ತೆಗೆಯಲು ಹೋದರೆ ಡಬ್ಬಿ ಅಲ್ಲಿರಲಿಲ್ಲ. ಹುಲುಗಮ್ಮ ಆಗಲೇ ಬಂದು ಒಯ್ದಿದ್ದಳು, ದಿನವೂ ಒಯ್ಯುವ ಹಾಗೆ.

ಹಿಂದಿನ ವರಾಂಡದ ಕಲ್ಲುಚಪ್ಪಡಿಗಳ ಮೇಲೆ ಅವನೇ ಒಮ್ಮೆ ಉಳಿದ ಬಣ್ಣದಲ್ಲಿ ಮನೆಗಳನ್ನು ಬರೆದಿದ್ದ. ಮಕ್ಕಳು ಅದರ ಸುತ್ತ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಅವನು ಮೂಲೆ ತಿರುಗುವ ಮೊದಲೇ ಹುಲುಗಮ್ಮನ ದನಿ ಕೇಳಿ ನಿಂತುಬಿಟ್ಟ.

"ಇನ್ನ ಮ್ಯಾಲ ರಾಜ ಜಿಗ್ಯಾಂಗಿಲ್ಲ. ಒಂದ ಮನಿ ಅಷ್ಟ. ಬೇಕಂದ್ರ ಕೋಟಿ ಕಟ್ಟಬೇಕು."

"ಅಕ್ಕಾ, ಸರ್ ಹೇಳಿಕೊಟ್ಟಿದ್ರಲ್ಲ, ಟಕ್ ಟಕ್ ಅಂತ?" ಅದು ಅರ್ಚನಾ.

"ಸರ್ ಹಂಗ ಕಲಿಸಿಲ್ಲ. ನಾವ ತಪ್ಪು ತಿಳಕಂಡೀವಿ."

"ಇಲ್ಲಕ್ಕಾ, ಇಲ್ಲೇ ಕುಂತು—"

"ಹಂಗಂದ್ರ ಸರ್ ಕೂಡ್ಲಿಗ್ಯಾಗ ಅಷ್ಟು ಮಂದಿ ಮುಂದ ಸುಳ್ಳು ಹೇಳ್ಯಾರ ಅಂತ ಆಗ್ತೈತಿ. ಸರ್ ಸುಳ್ಳು ಹೇಳ್ತಾರೇನು?"

ಪಾರಿವಾಳ ಒಂದು ಸೂರಿನೊಳಗೆ ಗುಟುರುಗುಟ್ಟಿತು. ಆಮೇಲೆ ಅರ್ಚನಾ, "ಇಲ್ಲ" ಅಂದಳು. ಉಳಿದವರೂ ಒಬ್ಬೊಬ್ಬರಾಗಿ ಇಲ್ಲ, ಇಲ್ಲ ಅಂದರು. ಗೋಡೆಗೆ ಕೈ ಊರಿ ನಿಂತ ಬೆನಕಪ್ಪನಿಗೆ ವಾಪಸು ಬಸ್ಸಿನ ಕಡೆ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ. ಕೆಮ್ಮಿ, ಮೂಲೆ ತಿರುಗಿದ. ಮಕ್ಕಳು ಎದ್ದು ನಮಸ್ತೇ ಅಂದರು. ಹುಲುಗಮ್ಮನೂ ಅಂದಳು. ಅವಳ ಮುಖದಲ್ಲಿ ಸಿಟ್ಟು ಹುಡುಕಿದ. ಒಂದು ಚೂರು ಸಿಟ್ಟಿದ್ದರೂ ಅದನ್ನು ಹಿಡಿದುಕೊಂಡು ಮಾತು ಶುರು ಮಾಡಬಹುದಿತ್ತು. ಉಂಡಿರದ ಮುಖ, ಅಷ್ಟೇ.

"ಬಾ ಹುಲುಗಮ್ಮ. ನನ್ನ ಜೋಡಿ ಆಡು," ಅಂದ.

ಮಕ್ಕಳು ಸುತ್ತ ನೆರೆದರು. ಅವಳು ಬೇಗಬೇಗ ಆಡಿದಳು, ಹಿಂದೆ ಯಾವತ್ತೂ ಆಡದ ಹಾಗೆ, ಕೊಟ್ಟ ಲೆಕ್ಕ ಬಿಡಿಸಿದ ಹಾಗೆ. ಕೋಟೆ ಕಟ್ಟಿದಳು. ಅವಳು ಕೋಟೆ ಕಟ್ಟಿದ್ದನ್ನು ಅವನು ನೋಡಿದ್ದು ಅದೇ ಮೊದಲು. ಅವಳಿಗೆ ಅದು ಬೇಕಾಗಿರಲೇ ಇಲ್ಲ, ಅವಳ ರಾಜ ಬಯಲಲ್ಲಿ ತಿರುಗಾಡಿಕೊಂಡು ಇರುತ್ತಿದ್ದ, ಕೊನೆಯ ಜಿಗಿತದ ಧೈರ್ಯದಲ್ಲಿ. ಈಗ ಆ ರಾಜ ಕಾಲಾಳುಗಳ ಹಿಂದೆ ಅಡಗಿ ಕೂತ. ಆಟದಲ್ಲಿ ತಪ್ಪೊಂದೂ ಇರಲಿಲ್ಲ, ನೋಡಲು ಮಾತ್ರ ಬೇಸರವಾಗುತ್ತಿತ್ತು. ಇದನ್ನೂ ನಾನೇ ಕಳೆದೆ ಅನ್ನಿಸಿತು. ಅವನ ಮನಸ್ಸು ಆಟದಲ್ಲಿ ಇರಲಿಲ್ಲ. ನೋಡನೋಡುತ್ತಿದ್ದಂತೆ ಅವನ ರಾಜ ಮೂಲೆಗೆ ಬಿದ್ದ. ಅವಳ ಆನೆ ಮುಂದಿನ ನಡೆಗೆ ಬರುವುದಿತ್ತು. ಚೆಕ್ ಇನ್ನೂ ಬಿದ್ದಿರಲಿಲ್ಲ. ಆಗ ಅವನಿಗೆ ಏನು ಮಾಡಬೇಕೆಂದು ತಿಳಿಯಿತು, ಬಾಯಲ್ಲಿ ಹೇಳಲಾಗದ್ದನ್ನು ಕೈಯಲ್ಲಿ ಹೇಳಿಬಿಡುವುದು. ರಾಜನನ್ನು ಎರಡು ಬೆರಳಲ್ಲಿ ಎತ್ತಿದ. ಕಲ್ಲಿಗೆ ಟಕ್ ಟಕ್ ಎಂದು ಬಡಿದ. "ಎದ್ದ ನೋಡು ರಾಜ," ಅಂದ. ದನಿ ಅಪ್ಪನ ಹಾಗೆ ಬರಲಿಲ್ಲ, ಒಡೆದಂತಾಯಿತು. ಎರಡು ಮನೆ ನೇರ, ಒಂದು ಮನೆ ಅಡ್ಡ, ಜಿಗಿಸಿ ಇಟ್ಟ. ಮಕ್ಕಳೆಲ್ಲರ ಎದುರು. ಇಟ್ಟು, ಅವಳು ನಗಲಿ ಎಂದು ಕಾದ, ಅಥವಾ ಅಳಲಿ ಎಂದು.

ಹುಲುಗಮ್ಮ ರಾಜನನ್ನು ನೋಡಿದಳು. ಆಮೇಲೆ ಅದನ್ನು ಮೆಲ್ಲಗೆ ಎತ್ತಿ, ಮೊದಲಿದ್ದ ಮೂಲೆಯ ಮನೆಯಲ್ಲಿ ವಾಪಸು ಇಟ್ಟಳು.

"ಹಂಗ ಬರಂಗಿಲ್ರಿ ಸರ್."

"ಬರ್ತೈತಿ," ಅಂದ ಬೆನಕಪ್ಪ. ಇನ್ನು ತಡೆಯುವುದು ಏನೂ ಉಳಿದಿರಲಿಲ್ಲ. "ನಾನ ಕಲಿಸೀನಿ. ನಿಮಗೆಲ್ಲಾರಿಗೂ ಇಲ್ಲೇ ಕುಂದ್ರಿಸಿ ನಾನ ಕಲಿಸೀನಿ. ಅವತ್ತು ನಾನು ಹೇಳಿದ್ದು—"

"ಇಲ್ರಿ ಸರ್." ಅವಳು ಅವನ ಮಾತು ಮುಗಿಯಲು ಬಿಡಲಿಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ, ಜ್ವರ ಬಂದವರಿಗೆ ಮಲಗಿ ಅನ್ನುವ ಹಾಗೆ ಅಂದಳು. "ನೀವು ಕಲಿಸಿಲ್ರಿ. ಎಲ್ಲಾರ ಮುಂದ ನೀವ ಹೇಳೀರಲ್ರಿ."

ಅವನು ಅರ್ಚನಾಳ ಕಡೆ ನೋಡಿದ. "ಹೌದ್ರಿ ಸರ್. ಕಲಿಸಿಲ್ರಿ," ಅಂದಳು ಅರ್ಚನಾ, ನೆಲ ನೋಡುತ್ತ. ಅವಳ ಪಕ್ಕದವಳ ಕಡೆ ನೋಡಿದ, ಅವಳೂ ತಲೆಯಾಡಿಸಿದಳು. ಹಿಂದೆ ನಿಂತಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋದ. ಎಲ್ಲರೂ ಅವನನ್ನು ಕಾಪಾಡುತ್ತಿದ್ದರು. ಈ ವರಾಂಡದಲ್ಲಿ ಕೂತು ಅವರು ತನ್ನಿಂದ ಕೊನೆಗೆ ಕಲಿತದ್ದು ಇದನ್ನು.

"ಮುಟ್ಟಿದ ಕಾಯಿ ನಡಸಬೇಕ್ರಿ ಸರ್," ಅಂದಳು ಹುಲುಗಮ್ಮ.

ರಾಜನಿಗೆ ಇದ್ದದ್ದು ಒಂದೇ ಮನೆ. ಬೆನಕಪ್ಪ ಅಲ್ಲಿಗೆ ನಡೆಸಿದ.